ರ‍್ಯಾಮ್ ಡಿಸ್ಕ್‌ಗೆ ಹೋದ ಆಲ್ಬಮ್ ವಾಪಸ್ ಬರುತ್ತಾ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಮನೆಯಲ್ಲೇ ಕೂತು ಮದುವೆ ಆಲ್ಬಮ್ ಡಿಸೈನ್ ಮಾಡುತ್ತೇನೆ. ವಿಂಡೋಸ್ 10, 16 ಜಿಬಿ ರ‍್ಯಾಮ್, 500 ಜಿಬಿ ಎಸ್‌ಎಸ್‌ಡಿ, ಫೋಟೋಶಾಪ್ ಸಿಎಸ್6. ಟೆಂಪರರಿ ಫೈಲ್‌ಗಳಿಂದ ಎಸ್‌ಎಸ್‌ಡಿ ಬೇಗ ಹಾಳಾಗುತ್ತೆ, ರ‍್ಯಾಮ್ ಡಿಸ್ಕ್ (ಮೆಮೊರಿಯ ಒಂದು ಪಾಲನ್ನೇ ಡ್ರೈವ್ ಥರ ಬಳಸುವುದು) ಮಾಡಿಕೊಂಡರೆ ಸ್ಪೀಡೂ ಜಾಸ್ತಿ ಅಂತ ಒಂದು ವಿಡಿಯೋದಲ್ಲಿ ಹೇಳಿದ್ದರು. ಎರಡು ತಿಂಗಳ ಹಿಂದೆ ಇಮ್‌ಡಿಸ್ಕ್ ಎಂಬ ಪ್ರೋಗ್ರಾಮ್ ಹಾಕಿ 8 ಜಿಬಿಯ ಆರ್ ಡ್ರೈವ್ ಮಾಡಿದೆ. ವಿಂಡೋಸ್‌ನ ಟೆಂಪ್ ಫೋಲ್ಡರ್, ಫೋಟೋಶಾಪ್‌ನ ಸ್ಕ್ರ್ಯಾಚ್ ಡಿಸ್ಕ್ (ಮೆಮೊರಿ ಸಾಲದಾಗ ಅದು ಬಳಸುವ ಜಾಗ) ಎರಡನ್ನೂ ಅಲ್ಲಿಗೆ ತಿರುಗಿಸಿದೆ. ಈಗ ದೊಡ್ಡ ಶೀಟ್ ತೆರೆದರೆ ‘ಸ್ಕ್ರ್ಯಾಚ್ ಡಿಸ್ಕ್ ತುಂಬಿದೆ’ ಅನ್ನುತ್ತೆ. ಸಿ ಡ್ರೈವ್‌ನಲ್ಲಿ 200 ಜಿಬಿ ಖಾಲಿ ಇದೆ! ಹೊಸ ಪ್ರಿಂಟರ್‌ನ ಸಾಫ್ಟ್‌ವೇರ್ ಹಾಕಲು ಹೋದರೆ 2503 ಅಂತ ತಪ್ಪು ಬರುತ್ತೆ. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಇದು: ಫೋಟೋಗ್ರಾಫರ್ ಒಬ್ಬರು ಜಿಪ್‌ನಲ್ಲಿ ಕಳಿಸಿದ ಪಿಎಸ್‌ಡಿ (ಫೋಟೋಶಾಪ್ ಫೈಲ್) ತೆರೆದು ಎರಡು ದಿನ ಕೆಲಸ ಮಾಡಿದೆ. ಆಗಾಗ ಸೇವ್ ಕೂಡ ಮಾಡಿದೆ. ಮೊದಲ ರಾತ್ರಿ ಶಟ್‌ಡೌನ್ ಮಾಡಿ ಬೆಳಿಗ್ಗೆ ನೋಡಿದಾಗ ಫೈಲ್ ಇತ್ತು. ಎರಡನೇ ರಾತ್ರಿ ರೀಸ್ಟಾರ್ಟ್ ಮಾಡಿದ ಮೇಲೆ ಇಲ್ಲ. ಇತ್ತೀಚಿನ ಫೈಲ್‌ಗಳ ಪಟ್ಟಿಯಲ್ಲಿ ಹೆಸರು ಕಾಣುತ್ತೆ, ಅದರ ಮುಂದೆ ‘ಆರ್, ಟೆಂಪ್1’ ಎಂದೇನೋ ಇದೆ. ಒತ್ತಿದರೆ ಸಿಗುವುದಿಲ್ಲ ಅನ್ನುತ್ತೆ. ಡೇಟಾ ರಿಕವರಿ ಅಂಗಡಿಗೆ ಕೊಟ್ಟರೆ ಸಿಗುತ್ತಾ? ‘ಲಿನಕ್ಸ್‌ನಲ್ಲಿ ಎಲ್ಲರೂ ಹೀಗೇ ಮಾಡೋದು, ನೀನೇ ಏನೋ ತಪ್ಪು ಮಾಡಿದ್ದೀಯ’ ಅಂತ ಗೆಳತಿ ಹೇಳುತ್ತಾಳೆ. ನನ್ನ ತಪ್ಪು ಎಲ್ಲಿ?

ಉತ್ತರ: ಕೆಟ್ಟ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ಆ ಪಿಎಸ್‌ಡಿ ವಾಪಸ್ ಬರುವುದಿಲ್ಲ. ರಿಕವರಿ ಅಂಗಡಿಗೆ ದುಡ್ಡು ಕೊಡಬೇಡಿ. ಹಾರ್ಡ್ ಡಿಸ್ಕ್‌ನಲ್ಲಿ ಅಳಿಸಿದ ಫೈಲ್ ಎಷ್ಟೋ ಸಲ ಸಿಗುತ್ತದೆ, ಯಾಕೆಂದರೆ ಅಲ್ಲಿ ಹೆಸರು ಹೋದರೂ ಒಳಗಿನ ಸರಕು ಸ್ವಲ್ಪ ಕಾಲ ಉಳಿದಿರುತ್ತದೆ. ರ‍್ಯಾಮ್‌ನ ಕಥೆ ಬೇರೆ. ಅದರೊಳಗಿನ ಒಂದೊಂದು ಬಿಟ್ಟೂ ಪುಟ್ಟ ಚಾರ್ಜ್. ಸೋರುವ ಬಿಂದಿಗೆಯ ಹಾಗೆ ಅದು ಸೋರುತ್ತಲೇ ಇರುತ್ತದೆ. ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಕಂಪ್ಯೂಟರ್ ಅದನ್ನು ಮತ್ತೆ ತುಂಬಿಸುತ್ತದೆ. ತುಂಬಿಸುವವರು ಇಲ್ಲವಾದರೆ ಅಲ್ಲಿಗೆ ಮುಗಿಯಿತು. ಅದೂ ಅಲ್ಲದೆ ನೀವು ರೀಸ್ಟಾರ್ಟ್ ಮಾಡಿದ ಮೇಲೆ ಅದೇ ಜಾಗದಲ್ಲಿ ವಿಂಡೋಸ್ ಏನೇನೋ ಬರೆದಾಗಿದೆ.

ಫೋಟೋಶಾಪ್ ತಾನೇ ಇಟ್ಟುಕೊಳ್ಳುವ ಆಟೋ ರಿಕವರಿ ಪ್ರತಿ ಇರಬಹುದಲ್ವಾ ಎಂದು ನೀವು ಕೇಳಬಹುದು. ಸಿಎಸ್6 ಆ ಪ್ರತಿಯನ್ನು ಮೊದಲ ಸ್ಕ್ರ್ಯಾಚ್ ಡಿಸ್ಕ್‌ನಲ್ಲೇ ಇಡುತ್ತದೆ. ನಿಮ್ಮ ಸ್ಕ್ರ್ಯಾಚ್ ಡಿಸ್ಕ್ ಇದ್ದದ್ದು ಆರ್‌ನಲ್ಲಿ. ಅಂದರೆ ಅಸಲು ಮತ್ತು ನಕಲು ಎರಡೂ ಒಂದೇ ಗಾಡಿಯಲ್ಲಿ ಹೋದವು.

ಇನ್ನು ತಪ್ಪು ಎಲ್ಲಿ ಎಂಬ ಪ್ರಶ್ನೆ. ಜಿಪ್ ಫೈಲ್ ಒಳಗಿರುವ ಪಿಎಸ್‌ಡಿ ಮೇಲೆ ಡಬಲ್ ಕ್ಲಿಕ್ ಮಾಡಿದಿರಿ. ತೆರೆದುಕೊಂಡದ್ದು ಜಿಪ್‌ನ ಒಳಗಿನ ಫೈಲ್ ಎಂದು ನಮಗೆ ಅನ್ನಿಸುತ್ತದೆ. ಆದರೆ ವಿಂಡೋಸ್ ಅದರ ಒಂದು ಪ್ರತಿಯನ್ನು ಟೆಂಪ್ ಫೋಲ್ಡರ್‌ನಲ್ಲಿ ಬಿಚ್ಚಿ, ಆ ಪ್ರತಿಯನ್ನು ಫೋಟೋಶಾಪ್ ಕೈಗೆ ಕೊಡುತ್ತದೆ. ವಿಂಡೋಸ್‌ನ ಸ್ವಂತ ಜಿಪ್ ಸೌಲಭ್ಯ ಬಿಚ್ಚಿದರೆ ಆ ಫೋಲ್ಡರ್ ಹೆಸರು ‘ಟೆಂಪ್1’ ಎಂದು ಶುರುವಾಗುತ್ತದೆ. ನಿಮ್ಮ ಪಟ್ಟಿಯಲ್ಲಿ ಕಂಡದ್ದು ಅದೇ. ಅಲ್ಲಿಂದ ಮುಂದೆ ನೀವು ಎಷ್ಟು ಸಲ ಸೇವ್ ಒತ್ತಿದರೂ, ಸೇವ್ ಆ್ಯಸ್ ಕೊಟ್ಟರೂ, ಫೋಟೋಶಾಪ್ ತೋರಿಸುವುದು ಅದೇ ಫೋಲ್ಡರ್. ಈ ತಪ್ಪು ನಿಮ್ಮೊಬ್ಬರದ್ದಲ್ಲ. ಡಿಟಿಪಿ ಅಂಗಡಿಗಳಲ್ಲಿ ನಾನು ನೋಡಿದ ‘ಸೇವ್ ಮಾಡಿದ್ದೆ ಸಾರ್, ಆದ್ರೂ ಇಲ್ಲ’ ಪ್ರಕರಣಗಳಲ್ಲಿ ಹೆಚ್ಚಿನವು ಇದೇ ದಾರಿಯಲ್ಲಿ ಬಂದವು. ಟೆಂಪ್ ಫೋಲ್ಡರ್ ಎಸ್‌ಎಸ್‌ಡಿಯಲ್ಲೇ ಇದ್ದಿದ್ದರೆ ಫೈಲ್ ಅಲ್ಲೇ ಎಲ್ಲೋ ಬಿದ್ದಿರುತ್ತಿತ್ತು, ಹುಡುಕಿ ತೆಗೆಯಬಹುದಿತ್ತು. ರ‍್ಯಾಮ್ ಡಿಸ್ಕ್ ಆ ಒಂದು ಅವಕಾಶವನ್ನು ಕಿತ್ತುಕೊಂಡಿತು, ಅಷ್ಟೆ.

ಹಾಗಾದರೆ ಮೊದಲ ರಾತ್ರಿ ಶಟ್‌ಡೌನ್ ಮಾಡಿದ ಮೇಲೂ ಫೈಲ್ ಉಳಿದದ್ದು ಹೇಗೆ? ನಿಮ್ಮನ್ನು ದಾರಿ ತಪ್ಪಿಸಿದ್ದು ಇದೇ ಇರಬೇಕು. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಇದೆ. ಅದು ಚಾಲೂ ಇದ್ದರೆ ಶಟ್‌ಡೌನ್ ಅನ್ನುವುದು ಪೂರ್ತಿ ಶಟ್‌ಡೌನ್ ಅಲ್ಲ. ನಿಮ್ಮ ಪ್ರೋಗ್ರಾಮ್‌ಗಳನ್ನು ಮುಚ್ಚಿ, ಸಿಸ್ಟಂನ ಹೂರಣವನ್ನು ಮಾತ್ರ ಡಿಸ್ಕ್‌ಗೆ ಬರೆದಿಟ್ಟು ಮಲಗುತ್ತದೆ. ಬೆಳಿಗ್ಗೆ ಅದನ್ನೇ ಎತ್ತಿಕೊಂಡು ಏಳುತ್ತದೆ. ಇಮ್‌ಡಿಸ್ಕ್ ತನ್ನ ಡ್ರೈವ್‌ಗೆ ಬೇಕಾದ ಮೆಮೊರಿಯನ್ನು ಸಿಸ್ಟಂ ಪ್ರೋಸೆಸ್‌ನ ಹೆಸರಲ್ಲೇ ತೆಗೆದುಕೊಳ್ಳುತ್ತದೆ. ಹಾಗಾಗಿ ಆ ಹೂರಣದ ಜೊತೆಗೆ ನಿಮ್ಮ ಆರ್ ಡ್ರೈವ್ ಕೂಡ ಮಲಗಿ ಎದ್ದಿದೆ. ರೀಸ್ಟಾರ್ಟ್ ಮಾತ್ರ ಯಾವಾಗಲೂ ಪೂರ್ತಿ ತೊಳೆದು ಶುರು ಮಾಡುತ್ತದೆ. ಜನ ಎಣಿಸುವುದು ಇದಕ್ಕೆ ಉಲ್ಟಾ. ಶಟ್‌ಡೌನ್ ದೊಡ್ಡದು, ರೀಸ್ಟಾರ್ಟ್ ಸಣ್ಣದು ಅಂತ. ಒಂದು ದಿನ ಉಳಿದದ್ದನ್ನು ಕಂಡು ‘ಓಹೋ, ಇಲ್ಲಿ ಫೈಲ್ ಇರುತ್ತೆ’ ಎಂದು ನೀವು ನಂಬಿದ್ದು ಸಹಜವೇ.

ಇದರದ್ದೇ ಇನ್ನೊಂದು ಮುಖ ಇದೆ. ಕೆಲವರು ರ‍್ಯಾಮ್ ಡಿಸ್ಕ್‌ಗೆ ‘ಶಟ್‌ಡೌನ್ ಆಗುವಾಗ ಎಲ್ಲವನ್ನೂ ಡಿಸ್ಕ್‌ಗೆ ಉಳಿಸು’ ಎಂಬ ಆಯ್ಕೆ ಕೊಟ್ಟು ನಿಶ್ಚಿಂತೆಯಿಂದ ಇರುತ್ತಾರೆ. ಫಾಸ್ಟ್ ಸ್ಟಾರ್ಟಪ್ ಜೊತೆ ಆ ಉಳಿಸುವ ಕೆಲಸ ಸರಿಯಾಗಿ ನಡೆಯದೆ ಇರಬಹುದು. ಕರೆಂಟ್ ಹೋದರಂತೂ ನಡೆಯುವ ಮಾತೇ ಇಲ್ಲ. ಮಳೆಗಾಲದಲ್ಲಿ ಮಲೆನಾಡಿನ ಕರೆಂಟ್ ನಂಬಿ ಯಾರೂ ಮದುವೆ ಆಲ್ಬಮ್ ಮಾಡುವುದಿಲ್ಲ, ನಿಮ್ಮಲ್ಲಿ ಯುಪಿಎಸ್ ಇರಬಹುದು. ಆದರೆ ಯುಪಿಎಸ್‌ನ ಬ್ಯಾಟರಿ ಹಳತಾದದ್ದು ಗೊತ್ತಾಗುವುದು ಕರೆಂಟ್ ಹೋದಾಗಲೇ.

ಈಗ ಸ್ಕ್ರ್ಯಾಚ್ ಡಿಸ್ಕ್ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಿಮಗೆ ಸಿಕ್ಕ ಸಲಹೆ ಪೂರ್ತಿ ಸುಳ್ಳಲ್ಲ, ಹಳೆಯದು.

ಫೋಟೋಶಾಪ್ ಚಿತ್ರವನ್ನು ರ‍್ಯಾಮ್‌ನಲ್ಲಿ ಇಟ್ಟುಕೊಂಡು ಕೆಲಸ ಮಾಡುತ್ತದೆ. ರ‍್ಯಾಮ್ ಸಾಲದೆ ಹೋದಾಗ ಹೆಚ್ಚಾದದ್ದನ್ನು ಸ್ಕ್ರ್ಯಾಚ್ ಡಿಸ್ಕ್‌ಗೆ ಸುರಿಯುತ್ತದೆ. ಸ್ಕ್ರ್ಯಾಚ್ ಇರುವುದೇ ರ‍್ಯಾಮ್ ಸಾಲದ ಹೊತ್ತಿಗೆ. ನೀವು 16 ಜಿಬಿಯಲ್ಲಿ 8 ಜಿಬಿ ತೆಗೆದು ಆರ್ ಡ್ರೈವ್ ಮಾಡಿದಿರಿ. ವಿಂಡೋಸ್, ಬ್ರೌಸರ್, ವಾಟ್ಸಾಪ್ ಎಲ್ಲ ಸೇರಿ ಮೂರು ನಾಲ್ಕು ಜಿಬಿ ತಿಂದವು. ಫೋಟೋಶಾಪ್‌ಗೆ ಉಳಿದದ್ದು ನಾಲ್ಕು ಚಿಲ್ಲರೆ. ಅದು ಬೇಗ ತುಂಬಿತು. ತುಂಬಿದ ಕೂಡಲೇ ಫೋಟೋಶಾಪ್ ಸ್ಕ್ರ್ಯಾಚ್ ಡಿಸ್ಕ್ ಕಡೆ ತಿರುಗಿತು, ಅಂದರೆ ಮತ್ತೆ ರ‍್ಯಾಮ್ ಕಡೆಗೇ. ಮೊದಲೇ ಅದರ ಕೈಯಲ್ಲಿದ್ದ ಮೆಮೊರಿಯನ್ನು ಕಿತ್ತುಕೊಂಡು, ಡ್ರೈವ್ ಎಂಬ ವೇಷ ಹಾಕಿಸಿ, ಸುತ್ತುಬಳಸಿನ ದಾರಿಯಲ್ಲಿ ವಾಪಸ್ ಕೊಟ್ಟ ಹಾಗಾಯಿತು. ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಹಾಗೆ. ಸಿ ಡ್ರೈವ್‌ನಲ್ಲಿ 200 ಜಿಬಿ ಖಾಲಿ ಇದ್ದು ಪ್ರಯೋಜನವಿಲ್ಲ, ಯಾಕೆಂದರೆ ಆ ಕಡೆ ಹೋಗು ಎಂದು ನೀವು ಹೇಳಿಯೇ ಇಲ್ಲ.

ಲೆಕ್ಕ ಹಾಕಿ ನೋಡಿ. 12×36 ಇಂಚಿನ ಶೀಟ್, 300 ಡಿಪಿಐ. ಅಂದರೆ 3,600 ಗುಣಿಸು 10,800, ಹತ್ತಿರ ಹತ್ತಿರ 3.9 ಕೋಟಿ ಪಿಕ್ಸೆಲ್. ಒಂದೊಂದು ಪಿಕ್ಸೆಲ್‌ಗೆ 3 ಬೈಟ್ ಎಂದರೂ ಒಂದು ಲೇಯರ್ ಇಲ್ಲದ ಬರಿಯ ಶೀಟ್ ಸುಮಾರು 117 ಎಂಬಿ. 16 ಬಿಟ್‌ನಲ್ಲಿ ಮಾಡಿದರೆ ಅದರ ಎರಡರಷ್ಟು. ಇಡೀ ಶೀಟ್ ತುಂಬುವ ಹತ್ತು ಲೇಯರ್ ಹಾಕಿದರೆ ಒಂದು ಜಿಬಿ ದಾಟುತ್ತದೆ. ಮೇಲಿಂದ ಹಿಸ್ಟರಿ: ಹಿಂದೆ ಹೋಗಲು ಅನುಕೂಲವಾಗಲಿ ಎಂದು ಫೋಟೋಶಾಪ್ ಒಂದೊಂದು ಹಂತದಲ್ಲಿ ಬದಲಾದ ಭಾಗವನ್ನೆಲ್ಲ ನೆನಪಿಟ್ಟುಕೊಳ್ಳುತ್ತದೆ. ಇಡೀ ಶೀಟ್‌ಗೆ ಒಂದು ಫಿಲ್ಟರ್ ಕೊಟ್ಟರೆ ಆ ಇಡೀ ಲೇಯರ್‌ನ ಇನ್ನೊಂದು ಪ್ರತಿ. ಎರಡು ಮೂರು ಶೀಟ್ ಒಟ್ಟಿಗೆ ತೆರೆದಿಟ್ಟು ಕೆಲಸ ಮಾಡುವವರಿಗೆ 8 ಜಿಬಿ ಯಾವ ಮೂಲೆಗೂ ಸಾಲದು. ಅದೇ 8 ಜಿಬಿಯಲ್ಲಿ ಟೆಂಪ್ ಫೋಲ್ಡರ್ ಕೂಡ ಪಾಲು ಕೇಳುತ್ತಿದೆ ಬೇರೆ.

ಈ ಸಲಹೆ ಎಲ್ಲಿಂದ ಬಂತು? 32 ಬಿಟ್ ಕಾಲದಿಂದ. ಆಗ ಒಂದು ಪ್ರೋಗ್ರಾಮ್‌ಗೆ ಹೆಚ್ಚೆಂದರೆ 4 ಜಿಬಿಯ ಒಳಗೆ ಮಾತ್ರ ಕೈಚಾಚಲು ಆಗುತ್ತಿತ್ತು. 8 ಜಿಬಿ ಹಾಕಿಸಿದವರ ಮೆಷಿನ್‌ನಲ್ಲಿ ಅರ್ಧ ಮೆಮೊರಿ ಸುಮ್ನೆ ಕೂತಿರುತ್ತಿತ್ತು. ಆ ಸೋಮಾರಿ ಮೆಮೊರಿಯನ್ನು ರ‍್ಯಾಮ್ ಡಿಸ್ಕ್ ಮಾಡಿ ಸ್ಕ್ರ್ಯಾಚ್‌ಗೆ ಕೊಡುವುದು ಜಾಣತನವೇ ಆಗಿತ್ತು. 2008ರಲ್ಲಿ ಬಂದ ಸಿಎಸ್4ರಿಂದ ವಿಂಡೋಸ್‌ನಲ್ಲಿ 64 ಬಿಟ್ ಫೋಟೋಶಾಪ್ ಸಿಕ್ಕಿತು, ಆ ಜಾಣತನದ ಕಾಲ ಮುಗಿಯಿತು. ಸಲಹೆ ಮಾತ್ರ ವಿಡಿಯೋದಿಂದ ವಿಡಿಯೋಗೆ ದಾಟುತ್ತಾ ಬಂದಿದೆ. ಅಂದಹಾಗೆ, 64 ಬಿಟ್ ವಿಂಡೋಸ್‌ನಲ್ಲಿ ಸಿಎಸ್6 ಹಾಕಿದರೆ 32 ಮತ್ತು 64 ಬಿಟ್ ಎರಡೂ ಕೂರುತ್ತವೆ. ನೀವು ದಿನಾ ಒತ್ತುವ ಐಕಾನ್ ಯಾವುದು ಎಂದು ಒಮ್ಮೆ ನೋಡಿ. ತಿಳಿಯದೆ 32 ಬಿಟ್ ಐಕಾನ್ ಒತ್ತುತ್ತಾ ‘ಎಷ್ಟು ರ‍್ಯಾಮ್ ಹಾಕಿಸಿದರೂ ಅಷ್ಟೇ’ ಎಂದು ಬೈದುಕೊಳ್ಳುವವರನ್ನು ನಾನು ಕಂಡಿದ್ದೇನೆ.

ನಾನೂ ಈ ಆಟ ಆಡಿದವನೇ. ಡಾಸ್ ಕಾಲದಲ್ಲಿ ರ‍್ಯಾಮ್‌ಡ್ರೈವ್ ಎಂಬ ಡ್ರೈವರ್ ಮೈಕ್ರೋಸಾಫ್ಟ್‌ನ ಫ್ಲಾಪಿಯಲ್ಲೇ ಬರುತ್ತಿತ್ತು. ಒಂದು ಎಂಬಿಯ ಡಿ ಡ್ರೈವ್ ಮಾಡಿ ಟೆಂಪ್ ಅಲ್ಲಿಗೆ ತಿರುಗಿಸಿ, ಅಕ್ಷರ ಜೋಡಿಸುವ ಪ್ರೋಗ್ರಾಮ್ ಸರ್ರನೆ ಓಡುವುದನ್ನು ನೋಡಿ ಬೀಗಿದ್ದೆ. ಆಗಿನ ಹಾರ್ಡ್ ಡಿಸ್ಕ್ ಅಷ್ಟು ನಿಧಾನ ಇತ್ತು, ವ್ಯತ್ಯಾಸ ಕಣ್ಣಿಗೆ ಕಾಣುತ್ತಿತ್ತು. ಒಂದು ಮದುವೆ ಕಾರ್ಡಿನ ಮ್ಯಾಟರ್ ಹಾಗೇ ಕಳೆದುಕೊಂಡು ರಾತ್ರಿಯೆಲ್ಲ ಕೂತು ಮತ್ತೆ ಟೈಪ್ ಮಾಡಿದ ಮೇಲೆ ಬೀಗುವುದು ನಿಂತಿತು.

ಈಗಿನ ಎಸ್‌ಎಸ್‌ಡಿ ಎದುರು ಲಾಭ ಎಷ್ಟು? ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ. ಎನ್‌ವಿಎಂಇ ಎಂಬ ಹೊಸ ಬಗೆಯ ಎಸ್‌ಎಸ್‌ಡಿ ಆದರೆ ಅದರ ಆರೇಳು ಪಟ್ಟು, ಕೆಲವು ಇನ್ನೂ ಹೆಚ್ಚು. ರ‍್ಯಾಮ್ ಡಿಸ್ಕ್ ಇನ್ನೂ ವೇಗ, ನಿಜ. ವೇಗ ಅಳೆಯುವ ಪ್ರೋಗ್ರಾಮ್‌ನಲ್ಲಿ ದೊಡ್ಡ ದೊಡ್ಡ ಅಂಕಿ ಬರುತ್ತವೆ, ವಿಡಿಯೋಗಳಲ್ಲಿ ತೋರಿಸುವುದೂ ಅದನ್ನೇ. ಆದರೆ ನಿಮ್ಮ ಪಿಎಸ್‌ಡಿ ಸೇವ್ ಆಗಲು ಹಿಡಿಯುವ ಹೊತ್ತಿನಲ್ಲಿ ದೊಡ್ಡ ಪಾಲು ಪ್ರೊಸೆಸರ್ ಆ ಫೈಲ್ ಅನ್ನು ಹಿಂಡಿ ಚಿಕ್ಕದು ಮಾಡುವುದಕ್ಕೆ ಹೋಗುತ್ತದೆ. ಡ್ರೈವ್ ಎಷ್ಟು ಓಡಿದರೂ ಪ್ರೊಸೆಸರ್ ಕೊಟ್ಟಷ್ಟನ್ನೇ ಅದು ಬರೆಯಬೇಕು ತಾನೆ. ಇನ್ನೊಂದು ವಿಷಯ: ಖಾಲಿ ಇರುವ ರ‍್ಯಾಮ್ ಅನ್ನು ವಿಂಡೋಸ್ ಹಾಗೇ ಬಿಡುವುದಿಲ್ಲ. ಇತ್ತೀಚೆಗೆ ಓದಿದ ಫೈಲ್‌ಗಳನ್ನು ಅಲ್ಲಿ ಇಟ್ಟುಕೊಂಡಿರುತ್ತದೆ, ಬೇರೆಯವರು ಕೇಳಿದ ಕೂಡಲೇ ಬಿಟ್ಟುಕೊಡುತ್ತದೆ. ಅದು ಬೇಡಿದಾಗ ಮಾತ್ರ ಹುಟ್ಟುವ ರ‍್ಯಾಮ್ ಡಿಸ್ಕ್ ಇದ್ದ ಹಾಗೆ. ನೀವು ಕೈಯಾರೆ ಮಾಡಿದ್ದು ಯಾರು ಕೇಳಿದರೂ ಬಿಟ್ಟುಕೊಡುವುದಿಲ್ಲ.

2503ರ ಕಡೆ ಬರೋಣ. ವಿಂಡೋಸ್ ಇನ್‌ಸ್ಟಾಲರ್‌ಗೆ ಟೆಂಪ್ ಫೋಲ್ಡರ್‌ನಲ್ಲಿ ಬರೆಯಲು ಅನುಮತಿ ಸಿಗದಿದ್ದಾಗ ಸಾಮಾನ್ಯವಾಗಿ ಈ ನಂಬರ್ ಬರುತ್ತದೆ, ಅದರ ತಮ್ಮ 2502 ಕೂಡ. ಎಸ್‌ಎಸ್‌ಡಿಯಲ್ಲಿದ್ದ ಮೂಲ ಟೆಂಪ್ ಫೋಲ್ಡರ್‌ಗೆ ಯಾರು ಬರೆಯಬಹುದು ಎಂಬ ನಿಯಮಗಳನ್ನು ವಿಂಡೋಸ್ ಹಾಕಿಟ್ಟಿರುತ್ತದೆ. ಆರ್ ಡ್ರೈವ್ ಹೊಸದಾಗಿ ಫಾರ್ಮ್ಯಾಟ್ ಆಗಿ ಹುಟ್ಟಿದಾಗ ಆ ನಿಯಮಗಳು ಜೊತೆಗೆ ಬರುವುದಿಲ್ಲ. ಇನ್ನೂ ಒಂದು ತೊಡಕಿದೆ. ಇಮ್‌ಡಿಸ್ಕ್ ತನ್ನ ಡ್ರೈವ್ ಅನ್ನು ವಿಂಡೋಸ್‌ನ ಮೌಂಟ್ ಮ್ಯಾನೇಜರ್‌ನಲ್ಲಿ (ಯಾವ ಡ್ರೈವ್ ಎಲ್ಲಿದೆ ಎಂದು ಲೆಕ್ಕ ಇಡುವ ಭಾಗ) ನೋಂದಾಯಿಸುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ, ಆರ್ ಅಲ್ಲಿ ಕಾಣುವುದೇ ಇಲ್ಲ. ಹೆಚ್ಚಿನ ಪ್ರೋಗ್ರಾಮ್‌ಗಳು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೆಲವು ಇನ್‌ಸ್ಟಾಲರ್‌ಗಳು ಮಾತ್ರ ‘ಇದೆಂಥ ಡ್ರೈವ್’ ಎಂದು ತಕರಾರು ತೆಗೆಯುತ್ತವೆ.

ಅದನ್ನೂ ದಾಟಿದರೂ ರೀಸ್ಟಾರ್ಟ್ ಕೇಳುವ ಇನ್‌ಸ್ಟಾಲರ್‌ಗಳು ಕೈಕೊಡುತ್ತವೆ. ಅವು ಅರ್ಧ ಕೆಲಸ ಮುಗಿಸಿ, ಉಳಿದ ಫೈಲ್‌ಗಳನ್ನು ಟೆಂಪ್‌ನಲ್ಲಿ ಇಟ್ಟು, ‘ಎದ್ದ ಮೇಲೆ ಇಲ್ಲಿಂದ ಎತ್ತಿಕೋ’ ಎಂದು ಚೀಟಿ ಬರೆದು ಹೋಗುತ್ತವೆ. ಎದ್ದು ನೋಡಿದರೆ ಚೀಟಿ ಇದೆ, ಸಾಮಾನು ಇಲ್ಲ. ನಿಮ್ಮ ಗೆಳತಿಗೆ ಉತ್ತರ ಇರುವುದೂ ಇಲ್ಲೇ. ಲಿನಕ್ಸ್ ಬಗ್ಗೆ ಆಕೆ ಹೇಳಿದ್ದರಲ್ಲಿ ಹುರುಳಿದೆ. ಫೆಡೋರಾ ಎಂಬ ಲಿನಕ್ಸ್‌ನಲ್ಲಿ ಟೆಂಪ್ ಫೋಲ್ಡರ್ ಬಹಳ ವರ್ಷದಿಂದ ಮೆಮೊರಿಯಲ್ಲೇ ಇದೆ. 2025ರಲ್ಲಿ ಬಂದ ಡೆಬಿಯನ್ 13 ಕೂಡ ಅದೇ ದಾರಿ ಹಿಡಿಯಿತು. ಆದರೆ ಅಲ್ಲಿ ಎರಡು ಟೆಂಪ್ ಇವೆ. ಒಂದು ಹೋದರೂ ಪರವಾಗಿಲ್ಲ ಅನ್ನುವವಕ್ಕೆ, ಇನ್ನೊಂದು ‘ವಾರ್’ ಫೋಲ್ಡರ್‌ನ ಒಳಗೆ, ರೀಸ್ಟಾರ್ಟ್ ಆದರೂ ಉಳಿಯಬೇಕಾದವಕ್ಕೆ. ಪ್ರೋಗ್ರಾಮ್ ಬರೆಯುವವರಿಗೆ ಈ ಭೇದ ಗೊತ್ತು. ಅಲ್ಲಿ ಮೆಮೊರಿಯಲ್ಲಿ ಟೆಂಪ್ ಇಡುವ ಏರ್ಪಾಡು, ಟಿಎಂಪಿಎಫ್‌ಎಸ್, ಫೈಲ್ ಇಟ್ಟಷ್ಟೇ ಮೆಮೊರಿ ಬಳಸುತ್ತದೆ, ಅಳಿಸಿದರೆ ವಾಪಸ್ ಕೊಡುತ್ತದೆ. ವಿಂಡೋಸ್‌ನಲ್ಲಿ ಕಸದ ಬುಟ್ಟಿ, ನಾಳೆಗೆ ಬೇಕಾದ ಸಾಮಾನಿನ ಚೀಲ ಎರಡೂ ಒಂದೇ ಟೆಂಪ್ ಫೋಲ್ಡರ್. ನೀವು ಬುಟ್ಟಿ ಎಂದುಕೊಂಡು ಎರಡನ್ನೂ ಚೆಲ್ಲುತ್ತಿದ್ದೀರಿ.

ಎಸ್‌ಎಸ್‌ಡಿ ಸವೆಯುವ ಭಯ ಉಳಿಯಿತು. ಸವೆಯುವುದು ನಿಜ, ಎಷ್ಟು ಬೇಗ ಎಂಬುದು ಮುಖ್ಯ. ಸ್ಯಾಮ್‌ಸಂಗ್ 870 ಇವೊದ 500 ಜಿಬಿ ಮಾಡೆಲ್‌ಗೆ ಕಂಪನಿ 300 ಟಿಬಿ ಬರೆಯುವವರೆಗೆ ವಾರಂಟಿ ಹೇಳುತ್ತದೆ. ದಿನಕ್ಕೆ 50 ಜಿಬಿ ಬರೆದರೂ 6,000 ದಿನ, ಅಂದರೆ 16 ವರ್ಷ. ಆ ಹೊತ್ತಿಗೆ ನಿಮ್ಮ ಮದರ್‌ಬೋರ್ಡ್ ಇರುತ್ತಾ ಅನ್ನುವುದೇ ಅನುಮಾನ. ಅಗ್ಗದ ಎಸ್‌ಎಸ್‌ಡಿಗಳಲ್ಲಿ ಈ ಅಂಕಿ ಕಡಿಮೆ ಇರುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಮ್ ಹಾಕಿ, ಇದುವರೆಗೆ ಒಟ್ಟು ಎಷ್ಟು ಬರೆದಾಗಿದೆ ಎಂದು ನೋಡಿ. ಇವತ್ತೊಮ್ಮೆ, ವಾರ ಬಿಟ್ಟು ಒಮ್ಮೆ ನೋಡಿ ಕಳೆದರೆ ನಿಮ್ಮ ನಿಜವಾದ ವಾರದ ಲೆಕ್ಕ ಸಿಗುತ್ತದೆ. ತಮಾಷೆ ಏನೆಂದರೆ, ಇಮ್‌ಡಿಸ್ಕ್ ಮಾಮೂಲಾಗಿ ಬಳಸುವುದು ವರ್ಚುವಲ್ ಮೆಮೊರಿ. ರ‍್ಯಾಮ್ ಬಿಗಿಯಾದಾಗ ವಿಂಡೋಸ್ ಅದನ್ನು ಪೇಜ್ ಫೈಲ್‌ಗೆ, ಅಂದರೆ ನಿಮ್ಮ ಎಸ್‌ಎಸ್‌ಡಿಗೇ, ತಳ್ಳಬಹುದು. ಯಾವುದನ್ನು ಉಳಿಸಲು ಹೊರಟಿರೋ ಅದರ ಮೇಲೆಯೇ ಹೊರೆ ಬೀಳುತ್ತದೆ.

ಈಗ ಏನು ಮಾಡಬಹುದು? ನಿಮ್ಮ ಜಾಗದಲ್ಲಿ ನಾನಿದ್ದರೆ ಆರ್ ಡ್ರೈವ್ ತೆಗೆದುಹಾಕುತ್ತಿದ್ದೆ. ಆದರೆ ಕ್ರಮ ತಪ್ಪಬಾರದು. ಮೊದಲೇ ಆರ್ ತೆಗೆದುಬಿಟ್ಟರೆ ಟೆಂಪ್ ಇಲ್ಲದ ವಿಂಡೋಸ್ ಕಣ್ಣು ಕಟ್ಟಿದ ಹಾಗೆ ಒದ್ದಾಡುತ್ತದೆ. ಮೊದಲು ಫೋಟೋಶಾಪ್‌ನ ಪ್ರಿಫರೆನ್ಸಸ್‌ನಲ್ಲಿ ಸ್ಕ್ರ್ಯಾಚ್ ಡಿಸ್ಕ್ ಸಿ ಎಂದು ಬದಲಿಸಿ. ಆಮೇಲೆ ಸಿಸ್ಟಂ ಪ್ರಾಪರ್ಟೀಸ್‌ನ ಅಡ್ವಾನ್ಸ್‌ಡ್ ಟ್ಯಾಬ್‌ನಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ತೆರೆಯಿರಿ. ಮೇಲಿನ ಭಾಗದಲ್ಲಿ ಟೆಂಪ್, ಟಿಎಂಪಿ ಎಂದು ಎರಡು ಇರುತ್ತವೆ. ಎರಡನ್ನೂ ಬದಲಿಸಬೇಕು, ಜನ ಒಂದನ್ನು ಮರೆಯುತ್ತಾರೆ. ಬ್ರೌಸ್ ಡೈರೆಕ್ಟರಿ ಒತ್ತಿ ಸಿ ಡ್ರೈವ್, ಯೂಸರ್ಸ್, ನಿಮ್ಮ ಹೆಸರು, ಆಪ್‌ಡೇಟಾ, ಲೋಕಲ್, ಟೆಂಪ್ ಎಂದು ಆರಿಸಿ. ಆಪ್‌ಡೇಟಾ ಕಾಣದಿದ್ದರೆ ಎಕ್ಸ್‌ಪ್ಲೋರರ್‌ನಲ್ಲಿ ಬಚ್ಚಿಟ್ಟ ಫೋಲ್ಡರ್‌ಗಳನ್ನು ತೋರಿಸಲು ಹೇಳಿ. ಕೆಳಗಿನ ಸಿಸ್ಟಂ ಭಾಗದಲ್ಲೂ ಆರ್ ಎಂದು ಕಂಡರೆ ಅದನ್ನು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗಿನ ಟೆಂಪ್‌ಗೆ ತಿರುಗಿಸಿ. ರೀಸ್ಟಾರ್ಟ್ ಮಾಡಿ, ಪ್ರಿಂಟರ್ ಸಾಫ್ಟ್‌ವೇರ್ ಹಾಕಿ ನೋಡಿ. ಎಲ್ಲ ಸರಿಯಿದ್ದರೆ ಕೊನೆಗೆ ಇಮ್‌ಡಿಸ್ಕ್‌ಗೆ ವಿದಾಯ.

ರ‍್ಯಾಮ್ ಡಿಸ್ಕ್ ಮೇಲೆ ಇನ್ನೂ ಆಸೆ ಇದ್ದರೆ ಒಂದು ಜಿಬಿಯದ್ದು ಮಾಡಿಕೊಂಡು ಬ್ರೌಸರ್‌ನ ಕ್ಯಾಶೆ ಮಾತ್ರ ಅಲ್ಲಿ ಇಡಿ. ಅದು ಹೋದರೆ ಯಾರೂ ಅಳುವುದಿಲ್ಲ. ಲಾಭವೂ ಅಷ್ಟಕ್ಕಷ್ಟೆ ಅನ್ನಿ.

ಫೋಟೋಶಾಪ್‌ನ ಕೆಳಗಿನ ಪಟ್ಟಿಯಲ್ಲಿ ಎಫಿಷಿಯೆನ್ಸಿ ಎಂಬ ಅಂಕಿ ತೋರಿಸುವಂತೆ ಮಾಡಿಕೊಳ್ಳಿ. ದೊಡ್ಡ ಶೀಟ್‌ನಲ್ಲಿ ಕೆಲಸ ಮಾಡುವಾಗ ಅದು 100ರಲ್ಲೇ ನಿಂತಿದ್ದರೆ ರ‍್ಯಾಮ್ ಸಾಕು. ಪದೇ ಪದೇ 95ಕ್ಕಿಂತ ಕೆಳಗೆ ಬಿದ್ದರೆ ಸ್ಕ್ರ್ಯಾಚ್ ಬಳಕೆ ಜಾಸ್ತಿ ಇದೆ ಎಂದು ಅರ್ಥ. ಆಗ ದುಡ್ಡು ಹಾಕುವುದಾದರೆ ಮೊದಲು 32 ಜಿಬಿ ರ‍್ಯಾಮ್‌ಗೆ, ಆಮೇಲೆ ಸ್ಕ್ರ್ಯಾಚ್‌ಗೆಂದೇ ಒಂದು ಪುಟ್ಟ ಎನ್‌ವಿಎಂಇಗೆ. ಮದರ್‌ಬೋರ್ಡ್‌ನಲ್ಲಿ ಖಾಲಿ ಸ್ಲಾಟ್ ಇದೆಯಾ, ಹಳೆಯ ರ‍್ಯಾಮ್ ಯಾವ ತರಹದ್ದು ಎಂದು ನೋಡದೆ ಕೊಳ್ಳಬೇಡಿ.

ಹೋದ ಆಲ್ಬಮ್‌ಗೆ ಮರಳಿದರೆ, ಎಲ್ಲವೂ ಹೋಗಿಲ್ಲ. ಫೋಟೋಗ್ರಾಫರ್ ಕಳಿಸಿದ ಜಿಪ್ ಹಾಗೇ ಇದೆ. ಗಿರಾಕಿಗೆ ನೋಡಲು ವಾಟ್ಸಾಪ್‌ನಲ್ಲಿ ಶೀಟ್ ಕಳಿಸಿದ್ದರೆ ಆ ಜೆಪೆಗ್ ಇಳಿಸಿಕೊಳ್ಳಿ. ಪ್ರಿಂಟ್‌ಗೆ ಅದು ಬರುವುದಿಲ್ಲ. ಆದರೆ ಕೆಳಗಿನ ಲೇಯರ್‌ನಲ್ಲಿ ಹಿಗ್ಗಿಸಿ ಇಟ್ಟು, ಮೇಲೆ ಅಸಲಿ ಫೋಟೋಗಳನ್ನು ಅದೇ ಜಾಗಕ್ಕೆ ಕೂರಿಸುತ್ತಾ ಹೋದರೆ ಎರಡು ದಿನದ ಕೆಲಸ ಅರ್ಧ ದಿನದಲ್ಲಿ ಮುಗಿಯಬಹುದು. ಈ ಸಲ ಜಿಪ್ ಮೇಲೆ ಬಲ ಕ್ಲಿಕ್ ಮಾಡಿ, ಎಕ್ಸ್‌ಟ್ರಾಕ್ಟ್ ಆಲ್ ಒತ್ತಿ, ಸಿ ಡ್ರೈವ್‌ನ ಆಲ್ಬಮ್ ಫೋಲ್ಡರ್‌ಗೆ ಬಿಚ್ಚಿಕೊಂಡು ಶುರು ಮಾಡಿ.

ಇನ್ನೊಂದೇ ಮಾತು, ಇದು ತುರ್ತು. ಇದನ್ನು ಓದುವ ಹೊತ್ತಿಗೆ ಮೆಷಿನ್ ಆನ್ ಇದ್ದರೆ ಅದನ್ನು ಆಫ್ ಮಾಡುವ ಮುಂಚೆ ಆರ್ ಡ್ರೈವ್ ತೆರೆದು ನೋಡಿ. ‘ಟೆಂಪ್1’, ‘ಟೆಂಪ್2’ ಎಂದು ಶುರುವಾಗುವ ಫೋಲ್ಡರ್‌ಗಳು ಬೇರೆ ಇದ್ದರೆ ಹಾಗೇ ಸಿ ಡ್ರೈವ್‌ಗೆ ಕಾಪಿ ಮಾಡಿ. ಬೇರೆ ಗಿರಾಕಿಯ ಶೀಟ್ ಒಂದೆರಡು ಅಲ್ಲೂ ಕೂತಿರಬಹುದು.